ಸದಸ್ಯನು ಏನನ್ನು ಕಲಿತನು? ಹೇಮಾವತಿ ಬಯಲಿನ ನೆಲ-ಜಲ ಸಂಘಗಳ ವಿಚಾರ

(ಹೊಳೆನರಸೀಪುರದಲ್ಲಿ ನೀರು ಬಳಕೆದಾರರ ಸಂಘಗಳ ಸದಸ್ಯರು, ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಸಂಘವೊಂದನ್ನು ಹುಟ್ಟುಹಾಕುವುದು ಈ ನಾಡಿನಲ್ಲಿ ಎಂದೂ ಕಷ್ಟದ ಕೆಲಸವಾಗಿಲ್ಲ. ಷೇರು ಹಣ ಕೂಡಿಸಿ, ಉಪವಿಧಿಗಳಿಗೆ ಸಹಿ ಹಾಕಿಸಿ, ಒಳ್ಳೆಯ ದಿನ ನೋಡಿ ಫಲಕ ತೂಗುಹಾಕಿದರೆ ಸಂಘವು ಅಸ್ತಿತ್ವಕ್ಕೆ ಬಂದಂತೆಯೇ. ಹತ್ತು ವರ್ಷ ಕಳೆದ ಮೇಲೆ ಅದೇ ಫಲಕದ ಬಣ್ಣ ಮಾಸಿರುತ್ತದೆ. ನಡಾವಳಿ ಪುಸ್ತಕವು ಕಾರ್ಯದರ್ಶಿಯ ಮನೆಯ ಅಟ್ಟದಲ್ಲಿರುತ್ತದೆ. ಚುನಾವಣೆ ಬಂದಾಗ ಮಾತ್ರ ಸದಸ್ಯರ ಪಟ್ಟಿಯ ಧೂಳು ಕೊಡವಲಾಗುತ್ತದೆ. ಹೀಗೇಕಾಗುತ್ತದೆ ಎಂದು ಕೇಳಿದರೆ ಜನರಲ್ಲಿ ಒಗ್ಗಟ್ಟಿಲ್ಲ, ರಾಜಕೀಯ ಹೊಕ್ಕಿತು, ಅನುದಾನ ಬರಲಿಲ್ಲ ಎಂಬ ಉತ್ತರಗಳು ಸಿದ್ಧವಾಗಿರುತ್ತವೆ. ಅವು ಸುಳ್ಳಲ್ಲ. ಆದರೆ ಅವುಗಳ ಹಿಂದೆ ಇನ್ನೊಂದು ಕಾರಣವಿದೆ. ಸಂಘಕ್ಕೆ ಸೇರಿದ ಮೇಲೆ ಸದಸ್ಯನು ತನ್ನ ನೆಲದ ಬಗೆಗೆ ಹೊಸದಾಗಿ ಏನನ್ನೂ ಕಲಿಯಲಿಲ್ಲ. ಕಲಿಕೆ ಇಲ್ಲದ ಕಡೆಗೆ ಯಾರೂ ಎರಡನೆಯ ಸಲ ಬರುವುದಿಲ್ಲ. ಇಂದಿನ ಉಪನ್ಯಾಸದ ವಿಷಯ ಇಷ್ಟೇ.

ಮೊದಲು ಈ ಸೀಮೆಯ ನೆಲವನ್ನೊಮ್ಮೆ ಕಣ್ಣ ಮುಂದೆ ತಂದುಕೊಳ್ಳೋಣ. ಹೇಮಾವತಿಯು ಮೂಡಿಗೆರೆ ತಾಲ್ಲೂಕಿನ ಬಲ್ಲಾಳರಾಯನದುರ್ಗದ ಸಮೀಪ ಹುಟ್ಟಿ, ಸಕಲೇಶಪುರದ ಕಾಡು, ಕಾಫಿ ತೋಟಗಳ ನಡುವೆ ಇಳಿದು, ಹಾಸನ ತಾಲ್ಲೂಕಿನ ಗೊರೂರಿನಲ್ಲಿ ಜಲಾಶಯವಾಗಿ ನಿಲ್ಲುತ್ತದೆ. ಆ ಜಲಾಶಯದ ಸಾಮರ್ಥ್ಯ ಸುಮಾರು 37 ಟಿಎಂಸಿ ಅಡಿ. ಅಲ್ಲಿಂದ ಹೊರಟ ನಾಲೆಗಳು ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ತಾಲ್ಲೂಕುಗಳನ್ನು ಹಾದು ಮಂಡ್ಯ, ತುಮಕೂರು ಜಿಲ್ಲೆಗಳ ಕಡೆಗೆ ಸಾಗುತ್ತವೆ. ತುಮಕೂರಿಗೆ ಹೋಗುವ ನೀರು ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರು-ನವಿಲೆ ಸುರಂಗದೊಳಗಿಂದ ಹೋಗುತ್ತದೆಂಬುದು ತಮಗೆಲ್ಲ ತಿಳಿದ ವಿಷಯ. ಸಕಲೇಶಪುರದಲ್ಲಿ ವರ್ಷಕ್ಕೆ 2000 ಮಿಲಿಮೀಟರಿಗೂ ಮೀರಿ ಸುರಿಯುವ ಮಳೆಯು ಪೂರ್ವಕ್ಕೆ ಬಂದಂತೆ ಕುಗ್ಗುತ್ತ, ಚನ್ನರಾಯಪಟ್ಟಣವನ್ನು ಮುಟ್ಟುವ ಹೊತ್ತಿಗೆ ಅದರ ಮೂರನೆಯ ಒಂದು ಭಾಗದಷ್ಟಾಗುತ್ತದೆ. ಒಂದೇ ನದಿ, ಒಂದೇ ಜಿಲ್ಲೆ. ಆದರೂ ಒಂದು ತುದಿಯಲ್ಲಿ ನೀರಿನ ಹೆಚ್ಚಳ ಸಂಕಟ ತಂದರೆ ಇನ್ನೊಂದು ತುದಿಯಲ್ಲಿ ಅದರ ಕೊರತೆ ಸಂಕಟ ತರುತ್ತದೆ. 2012ರಿಂದ 2017ರವರೆಗಿನ ಬರದ ವರ್ಷಗಳಲ್ಲಿ ಚನ್ನರಾಯಪಟ್ಟಣ ಸೀಮೆಯಲ್ಲಿ ಸುಳಿ ಒಣಗಿ ನಿಂತ ತೆಂಗಿನ ಮರಗಳನ್ನು ಕಂಡವರು ಅವನ್ನು ಮರೆತಿರಲಾರರು.

ಇಂಥ ನೆಲದಲ್ಲಿ ನೀರನ್ನು ಹಂಚಿಕೊಳ್ಳುವ ಹೊಣೆಯನ್ನು ರೈತರಿಗೇ ವಹಿಸಬೇಕೆಂಬ ಉದ್ದೇಶದಿಂದ 2000ದಲ್ಲಿ ಕರ್ನಾಟಕ ನೀರಾವರಿ ಕಾಯಿದೆಗೆ ತಿದ್ದುಪಡಿ ತರಲಾಯಿತು. ಅದರಂತೆ ನಾಲೆಯ ಅಚ್ಚುಕಟ್ಟುದಾರರು ನೀರು ಬಳಕೆದಾರರ ಸಹಕಾರ ಸಂಘವನ್ನು ಕಟ್ಟಿಕೊಳ್ಳಬಹುದು. ಅವುಗಳ ಮೇಲೆ ವಿತರಣಾ ನಾಲೆಯ ಮಟ್ಟದಲ್ಲಿ, ಯೋಜನೆಯ ಮಟ್ಟದಲ್ಲಿ, ಕೊನೆಗೆ ರಾಜ್ಯದ ಮಟ್ಟದಲ್ಲಿ ಒಕ್ಕೂಟಗಳು. ಕಾಗದದ ಮೇಲೆ ಇದು ಸೊಗಸಾದ ಏರ್ಪಾಡು. ನೀರಿನ ಸರದಿ ಗೊತ್ತುಮಾಡುವುದು, ಕರ ವಸೂಲಿ, ಹೊಲಗಾಲುವೆಗಳ ದುರಸ್ತಿ, ಜಗಳಗಳ ತೀರ್ಮಾನ, ಇವೆಲ್ಲವೂ ಸಂಘದ ಅಧಿಕಾರಕ್ಕೆ ಬಂದವು. ತರಬೇತಿಗಾಗಿ ಧಾರವಾಡದಲ್ಲಿ ನೆಲ ಮತ್ತು ಜಲ ನಿರ್ವಹಣಾ ಸಂಸ್ಥೆ, ಅಂದರೆ ವಾಲ್ಮಿ, ಇದ್ದೇ ಇತ್ತು. ಆದರೂ ಬಹುಪಾಲು ಸಂಘಗಳಲ್ಲಿ ಉತ್ಸಾಹವು ನಾಲೆಗೆ ಹೊಸ ಕಾಂಕ್ರೀಟು ಬೀಳುವವರೆಗೆ ಇತ್ತು. ಗುತ್ತಿಗೆದಾರನು ಯಂತ್ರ ಕಟ್ಟಿಕೊಂಡು ಹೊರಟ ಮೇಲೆ ಸರ್ವಸದಸ್ಯರ ಸಭೆಗೆ ಕೋರಂ ಕೂಡಿಸುವುದೇ ಕಷ್ಟವಾಯಿತು. ತರಬೇತಿಗೆ ಹೋಗಿಬಂದವರು ಅಧ್ಯಕ್ಷರು, ಕಾರ್ಯದರ್ಶಿ ಮತ್ತು ಒಬ್ಬಿಬ್ಬರು ನಿರ್ದೇಶಕರು. ಅವರು ಕಲಿತದ್ದು ಅವರೊಡನೆಯೇ ಉಳಿಯಿತು. ಅವರ ಅವಧಿ ಮುಗಿದಾಗ ಅದೂ ಮುಗಿಯಿತು.

ಇಲ್ಲಿ ಸ್ವಲ್ಪ ದೂರದ ಒಂದು ಉದಾಹರಣೆಯನ್ನು ನೋಡುವುದು ಉಪಯುಕ್ತ. ಭೂದೃಶ್ಯ ವಾಸ್ತುಶಿಲ್ಪಿಗಳೆಂಬ ಒಂದು ವೃತ್ತಿಯವರಿದ್ದಾರೆ. ಕಟ್ಟಡದ ಹೊರಗಿನ ನೆಲವನ್ನು, ಅಂದರೆ ಉದ್ಯಾನ, ರಸ್ತೆಯಂಚಿನ ಮರ, ಮಳೆನೀರಿನ ಹರಿವು, ಕೆರೆಯ ದಂಡೆ ಇವನ್ನು ಯೋಜಿಸುವುದು ಅವರ ಕೆಲಸ. ಅಮೆರಿಕೆಯಲ್ಲಿ 1899ರಲ್ಲಿ ಹನ್ನೊಂದು ಜನ ನ್ಯೂಯಾರ್ಕಿನಲ್ಲಿ ಸೇರಿ ಈ ವೃತ್ತಿಯ ಮೊದಲ ಸಂಘ ಕಟ್ಟಿದರು. ಅಂತಾರಾಷ್ಟ್ರೀಯ ಒಕ್ಕೂಟ 1948ರಲ್ಲಿ ಬಂದಿತು. ಭಾರತದಲ್ಲಿ ಭೂದೃಶ್ಯ ವಾಸ್ತುಶಿಲ್ಪಿಗಳ ಸಂಘ ಹುಟ್ಟಿದ್ದು 2003ರಲ್ಲಿ, ಅಂದರೆ ನಮ್ಮ ನೀರು ಬಳಕೆದಾರರ ಸಂಘಗಳಿಗೆ ಕಾನೂನಿನ ಬಲ ದೊರೆತ ಮೂರು ವರ್ಷಗಳ ಅನಂತರ. ಈ ಎರಡರ ನಡುವೆ ಒಂದು ವ್ಯತ್ಯಾಸವಿದೆ. ಕಟ್ಟಡದ ವಾಸ್ತುಶಿಲ್ಪಿಗಳಿಗೆ 1972ರ ಕಾಯಿದೆಯುಂಟು, ಅದರಡಿಯಲ್ಲಿ ಪರಿಷತ್ತುಂಟು. ನೋಂದಣಿಯಿಲ್ಲದವನು ಆ ಹೆಸರನ್ನು ಬಳಸುವಂತಿಲ್ಲ. ಭೂದೃಶ್ಯದವರಿಗೆ ಅಂಥ ಪ್ರತ್ಯೇಕ ಕಾಯಿದೆ ಇಲ್ಲ. ಸಂಘಕ್ಕೆ ಸೇರದಿದ್ದರೂ ಅವರ ಕೆಲಸ ನಿಲ್ಲುವುದಿಲ್ಲ, ಸೇರಿದರೆ ಸರ್ಕಾರದ ಹಣ ಬರುವುದಿಲ್ಲ. ಸದಸ್ಯನನ್ನು ಹಿಡಿದಿಡಲು ಅವರ ಬಳಿ ಇರುವುದು ವಾರ್ಷಿಕ ಸಮ್ಮೇಳನ, ನಗರಗಳ ಶಾಖೆಗಳಲ್ಲಿ ನಡೆಯುವ ಉಪನ್ಯಾಸ, ಒಬ್ಬರು ಮಾಡಿದ ಕೆಲಸವನ್ನು ಇನ್ನೊಬ್ಬರು ಹೋಗಿ ನೋಡುವ ಏರ್ಪಾಡು, ವಿದ್ಯಾರ್ಥಿಗಳನ್ನು ಮೊದಲೇ ಹತ್ತಿರಕ್ಕೆ ತರುವ ಪ್ರಯತ್ನ ಇಷ್ಟೇ. ಒಂದು ಮಾತಿನಲ್ಲಿ ಹೇಳುವುದಾದರೆ, ಕಲಿಕೆ. ಅವರ ಸಂಘವು ಪರಿಪೂರ್ಣವೆಂದು ಯಾರೂ ಹೇಳಬೇಕಾಗಿಲ್ಲ. ಚಂದಾ ಕೊಟ್ಟು ಮುಖ ತೋರಿಸದ ಸದಸ್ಯರ ಗೋಳು ಎಲ್ಲ ವೃತ್ತಿಸಂಘಗಳಿಗೂ ಸಮಾನ. ಆದರೆ ಕಾನೂನಿನ ಆಸರೆಯಿಲ್ಲದೆ ಒಂದು ಸಂಘ ಯಾವುದರ ಮೇಲೆ ನಿಲ್ಲಬಹುದೆಂಬುದು ಅಲ್ಲಿ ಕಾಣುತ್ತದೆ. ಕಾನೂನಿನ ಆಸರೆಯಿದ್ದೂ ಸಂಘ ಏಕೆ ಬೀಳುತ್ತದೆಂಬುದು ಇಲ್ಲಿ ಕಾಣುತ್ತದೆ.

ಇನ್ನೂ ಹತ್ತಿರದ, ಇನ್ನೂ ಹಳೆಯ ನಿದರ್ಶನವೊಂದು ಬೆಂಗಳೂರಿನ ಲಾಲ್‌ಬಾಗಿನಲ್ಲಿದೆ. ಜರ್ಮನಿಯಿಂದ ಬಂದು 1908ರಿಂದ ಬೆಂಗಳೂರಿನಲ್ಲಿ ನೆಲೆಸಿದ ಜಿ.ಎಚ್. ಕೃಂಬಿಗಲ್ ಅವರು 1912ರಲ್ಲಿ ಆರಂಭಿಸಿದ ಸಂಘವು ಮೈಸೂರು ಉದ್ಯಾನಕಲಾ ಸಂಘವೆಂಬ ಹೆಸರಿನಲ್ಲಿ ಇಂದಿಗೂ ಬಾಳುತ್ತಿದೆ. ಸ್ವಾತಂತ್ರ್ಯೋತ್ಸವ ಮತ್ತು ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನಗಳು ತೋಟಗಾರಿಕೆ ಇಲಾಖೆಯೊಡನೆ ಆ ಸಂಘ ನಡೆಸುವಂಥವು. ಜನರು ನೋಡುವುದು ಗಾಜಿನ ಮನೆಯ ಹೂವಿನ ಗೋಪುರಗಳನ್ನು. ಸಂಘವನ್ನು ಉಳಿಸಿದ್ದು ಅದಕ್ಕಿಂತಲೂ ಉದ್ಯಾನಗಳ ಸ್ಪರ್ಧೆ ಎನ್ನಬೇಕು. ತನ್ನ ಕೈತೋಟವನ್ನು ತೀರ್ಪುಗಾರರು ಬಂದು ನೋಡುತ್ತಾರೆಂದು ಗೊತ್ತಿರುವವನು ವರ್ಷವಿಡೀ ಆ ತೋಟದಲ್ಲಿ ಕೈಯಾಡಿಸುತ್ತಾನೆ. ಪಕ್ಕದವನ ಪಾತಿಯನ್ನು ಇಣುಕಿ ನೋಡುತ್ತಾನೆ. ಕಾಣದ ರೋಗ ಕಂಡರೆ ಕೇಳಲು ಓಡುತ್ತಾನೆ. ಪ್ರದರ್ಶನಕ್ಕೆ ಬರುವ ಲಕ್ಷಾಂತರ ಜನ ಸಂಘದ ಸದಸ್ಯರಲ್ಲ ಎಂಬುದನ್ನು ಮಾತ್ರ ಮರೆಯಬಾರದು. ಜಾತ್ರೆ ಬೇರೆ, ಸದಸ್ಯತ್ವ ಬೇರೆ.

ಹಾಸನದಲ್ಲಿಯೂ ಈ ಜಾತ್ರೆಯ ಉತ್ಸಾಹ ಮತ್ತು ಸದಸ್ಯತ್ವದ ಹೊಣೆ ಎರಡನ್ನೂ ನೋಡಿದ್ದಾಗಿದೆ. 2017ರ ಬರದ ಹಿನ್ನೆಲೆಯಲ್ಲಿ ಹಸಿರು ಭೂಮಿ ಪ್ರತಿಷ್ಠಾನದ ಹೆಸರಿನಲ್ಲಿ ಕೆರೆ, ಕಟ್ಟೆ, ಕಲ್ಯಾಣಿಗಳ ಪುನಶ್ಚೇತನಕ್ಕೆ ಊರಿನ ಜನ, ವಿದ್ಯಾರ್ಥಿಗಳು, ಪತ್ರಕರ್ತರು ಶ್ರಮದಾನಕ್ಕಿಳಿದರು. ಮುಚ್ಚಿಹೋಗಿದ್ದ ಕಲ್ಯಾಣಿಯ ಮೆಟ್ಟಿಲುಗಳು ಒಂದೊಂದಾಗಿ ಹೊರಬರುವುದನ್ನು ನೋಡುವುದರಲ್ಲಿ ಒಂದು ಬಗೆಯ ವಿದ್ಯೆಯೇ ಇದೆ. ಆ ಮೆಟ್ಟಿಲುಗಳನ್ನು ತೋಡಿದ ಹುಡುಗನಿಗೆ ನೀರು ಎಲ್ಲಿಂದ ಬಂದು ಇಲ್ಲಿ ನಿಲ್ಲುತ್ತಿತ್ತೆಂಬ ಪ್ರಶ್ನೆ ತಾನಾಗಿಯೇ ಹುಟ್ಟುತ್ತದೆ. ಬರವು ಜನರನ್ನು ಸೇರಿಸುತ್ತದೆ. ಒಳ್ಳೆಯ ಮಳೆಯು ಚದುರಿಸುತ್ತದೆ. ಮಳೆಯ ವರ್ಷದಲ್ಲಿಯೂ ಜನ ಸೇರುವಂತೆ ಮಾಡುವುದು ಹೇಗೆಂಬುದೇ ನಿಜವಾದ ಕಷ್ಟ.

ಕಾನೂನಿನಿಂದ ಈ ಕಷ್ಟವನ್ನು ನೀಗುವ ಪ್ರಯತ್ನವೂ ನಡೆದಿದೆ. 2011ರ ಸಂವಿಧಾನ ತಿದ್ದುಪಡಿಯು, ಸಹಕಾರ ಸಂಘದ ಸದಸ್ಯರು ಕನಿಷ್ಠ ಇಷ್ಟು ಸಭೆಗಳಿಗೆ ಹಾಜರಾಗಬೇಕು, ಕನಿಷ್ಠ ಇಷ್ಟು ಸೇವೆ ಬಳಸಬೇಕು ಎಂದು ರಾಜ್ಯಗಳು ನಿಯಮ ಮಾಡಲು ಅವಕಾಶ ಕೊಟ್ಟಿತು. ಸದಸ್ಯರ ಶಿಕ್ಷಣದ ಮಾತನ್ನೂ ಅಲ್ಲಿಯೇ ಸೇರಿಸಿತು. ಕರ್ನಾಟಕದ ಸಹಕಾರ ಕಾಯಿದೆಗೂ ಹಾಜರಾತಿಯ ಷರತ್ತು ಬಂದಿತು. ಆ ತಿದ್ದುಪಡಿಯ ಭಾಗವು ರಾಜ್ಯಗಳೊಳಗಿನ ಸಂಘಗಳಿಗೆ ಅನ್ವಯಿಸದೆಂದು 2021ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪು ನೀಡಿದ್ದು ಬೇರೆ ಮಾತು. ಗಮನಿಸಬೇಕಾದುದು ಷರತ್ತಿನ ಪರಿಣಾಮವನ್ನು. ಹಾಜರಾತಿಯನ್ನು ಕಡ್ಡಾಯ ಮಾಡಿದರೆ ದೊರೆಯುವುದು ಹಾಜರಿ ಪುಸ್ತಕದ ಸಹಿ. ಸಹಿ ಹಾಕಿ, ಉಪ್ಪಿಟ್ಟು ತಿಂದು, ಬಸ್ಸು ಹಿಡಿಯುವ ಸದಸ್ಯನನ್ನು ಬೈದು ಪ್ರಯೋಜನವಿಲ್ಲ. ಜಮಾ-ಖರ್ಚು ಓದುವುದು, ಲೆಕ್ಕಪರಿಶೋಧಕರ ನೇಮಕ, ವಂದನಾರ್ಪಣೆ ಇಷ್ಟೇ ಇರುವ ಸಭೆಯಲ್ಲಿ ಅವನು ಕುಳಿತು ಮಾಡುವುದೇನು?

ಹಿಂದೆ ಈ ಕಲಿಕೆ ಎಲ್ಲಿತ್ತು? ಕೆರೆಯ ತೂಬನ್ನು ಎಷ್ಟು ಎತ್ತಬೇಕು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬೇಕು, ಕೋಡಿ ಬೀಳುವ ಮೊದಲು ಏರಿಯ ಯಾವ ಭಾಗ ಬೆವರುತ್ತದೆ ಎಂಬ ವಿದ್ಯೆಯು ನೀರುಗಂಟಿಯ ಬಳಿ ಇತ್ತು. ಶಾಸನಗಳಲ್ಲಿ ಕೆರೆ ಕಟ್ಟಿದವರಿಗೆ, ಕಾಯ್ದವರಿಗೆ ಬಿಟ್ಟ ಕಟ್ಟುಕೊಡಗೆ, ಬಿತ್ತುವಟ್ಟಗಳ ಪ್ರಸ್ತಾಪ ಮತ್ತೆ ಮತ್ತೆ ಬರುತ್ತದೆ. ಈ ಹಳೆಯ ಏರ್ಪಾಡನ್ನು ಹಾಡಿ ಹೊಗಳುವುದು ಇತ್ತೀಚೆಗೆ ಪರಿಸರದ ವೇದಿಕೆಗಳಲ್ಲಿ ಒಂದು ರೂಢಿಯಾಗಿದೆ. ಅದರಲ್ಲಿ ಅರ್ಧ ಸತ್ಯವಿದೆ. ನೀರುಗಂಟಿಯ ಹುದ್ದೆ ವಂಶಪಾರಂಪರ್ಯವಾದುದು. ಬಹಳಷ್ಟು ಊರುಗಳಲ್ಲಿ ಅದು ಕೆಳಗೆ ತಳ್ಳಲ್ಪಟ್ಟ ಜಾತಿಗಳ ಪಾಲಿನ ದುಡಿಮೆ. ನೀರಿನ ವಿಷಯ ಎಲ್ಲರಿಗಿಂತ ಚೆನ್ನಾಗಿ ಬಲ್ಲವನಿಗೆ ನೀರಿನ ತೀರ್ಮಾನದಲ್ಲಿ ಮಾತಿರಲಿಲ್ಲ. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆಯು ಆ ಕಟ್ಟನ್ನು ಬಿಡಿಸಿದ್ದು ನ್ಯಾಯವೇ. ಆದರೆ ಹುದ್ದೆ ಹೋದಾಗ ವಿದ್ಯೆಯನ್ನು ಎತ್ತಿಕೊಳ್ಳುವವರು ಯಾರೂ ಇರಲಿಲ್ಲ. ಸಣ್ಣ ಕೆರೆಗಳು ಪಂಚಾಯಿತಿಯ ಪಾಲಿಗೆ, 40 ಹೆಕ್ಟೇರಿಗೆ ಮೀರಿದ ಅಚ್ಚುಕಟ್ಟಿನ ಕೆರೆಗಳು ಸಣ್ಣ ನೀರಾವರಿ ಇಲಾಖೆಯ ಪಾಲಿಗೆ ಹೋದವು. ನೀರುಗಂಟಿಯ ತಲೆಯೊಳಗಿದ್ದ ಪಾಠ ಯಾವ ಕಡತಕ್ಕೂ ಹೋಗಲಿಲ್ಲ. ಸಂಘಗಳು ಮಾಡಬೇಕಾದುದು ಆ ಪಾಠವನ್ನು ಒಬ್ಬನ ಸೊತ್ತಾಗಿಸದೆ ಎಲ್ಲ ಸದಸ್ಯರ ಸೊತ್ತಾಗಿಸುವುದನ್ನು.

ಹಾಗಾದರೆ ಕಲಿಸುವುದೇನನ್ನು? ಇದನ್ನು ಸ್ವಲ್ಪ ವಿವರವಾಗಿಯೇ ನೋಡೋಣ. ನೀರಿನ ಅಳತೆಯಿಂದ ಆರಂಭಿಸಬಹುದು. ನಾಲೆಯ ನೀರಿನ ಸುದ್ದಿ ಪತ್ರಿಕೆಗಳಲ್ಲಿ ಕ್ಯೂಸೆಕ್ ಲೆಕ್ಕದಲ್ಲಿ ಬರುತ್ತದೆ. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು. ಒಂದು ಕ್ಯೂಸೆಕ್ ನೀರು ಇಡೀ ಒಂದು ದಿನ ಹರಿದರೆ 86,400 ಘನ ಅಡಿಯಾಗುತ್ತದೆ. ಅದು ಎರಡು ಎಕರೆ ನೆಲದಲ್ಲಿ ಒಂದು ಅಡಿ ಆಳ ನಿಲ್ಲುವಷ್ಟು ನೀರು. ಈಗ ಹೊಲಗಾಲುವೆಯ ಬಳಿಗೆ ಹೋಗೋಣ. ಕಾಲುವೆ ನೇರವಾಗಿರುವ ಕಡೆ 30 ಅಡಿ ಅಳೆದು ಎರಡು ಗೂಟ ನೆಡಬೇಕು. ತೆಂಗಿನ ಮಟ್ಟೆಯ ಚೂರೊಂದನ್ನು ತೇಲಿಬಿಟ್ಟು ಅದು ಒಂದು ಗೂಟದಿಂದ ಇನ್ನೊಂದಕ್ಕೆ ಸೇರಲು ಎಷ್ಟು ಸೆಕೆಂಡು ಬೇಕಾಯಿತೆಂದು ನೋಡಬೇಕು. 30 ಸೆಕೆಂಡಾದರೆ ಮೇಲ್ಮೈಯ ವೇಗ ಸೆಕೆಂಡಿಗೆ ಒಂದು ಅಡಿ. ತಳದ ನೀರು ನಿಧಾನವಾಗಿ ಸಾಗುವುದರಿಂದ ಅದನ್ನು 0.85ರಿಂದ ಗುಣಿಸಬೇಕು. ಕಾಲುವೆ 3 ಅಡಿ ಅಗಲ, ನೀರು 1 ಅಡಿ ಆಳವಿದ್ದರೆ ಹರಿವು ಸುಮಾರು ಎರಡೂವರೆ ಕ್ಯೂಸೆಕ್. ಒಂದು ದಿನಕ್ಕೆ ಅದು 5 ಎಕರೆ-ಅಡಿ. 3 ಅಂಗುಲ ನೀರು ಕಟ್ಟಿದರೆ 20 ಎಕರೆಗೆ ಸಾಕು. ದಾರಿಯಲ್ಲಿ ಅರ್ಧ ಸೋರಿಹೋದರೂ 10 ಎಕರೆ.

ಈ ಲೆಕ್ಕಕ್ಕೆ ಬೇಕಾದುದು ಒಂದು ಗಡಿಯಾರ, ಒಂದು ಅಳತೆ ಟೇಪು, ಏಳನೆಯ ತರಗತಿಯ ಗಣಿತ. ಆದರೆ ಇದನ್ನು ಬಲ್ಲ ಸದಸ್ಯನು ಸಭೆಯಲ್ಲಿ ಆಡುವ ಮಾತೇ ಬೇರೆಯಾಗುತ್ತದೆ. "ನಮಗೆ ನೀರೇ ಬರಲಿಲ್ಲ" ಎಂಬ ದೂರಿಗೆ "ಮೇಲಿನವರು ಕದ್ದರು" ಎಂಬ ಆರೋಪವೇ ಉತ್ತರವಾಗಿದ್ದ ಕಡೆ, "ಮೂರನೆಯ ತೂಬಿನ ಬಳಿ ಎರಡೂವರೆ ಇದ್ದದ್ದು ಐದನೆಯ ತೂಬಿನ ಬಳಿ ಒಂದಕ್ಕೆ ಇಳಿದಿದೆ, ನಡುವೆ ಏನಾಯಿತು ನೋಡೋಣ ಬನ್ನಿ" ಎಂಬ ಮಾತು ಬರುತ್ತದೆ. ಹೋಗಿ ನೋಡಿದರೆ ಕೆಲವೊಮ್ಮೆ ಕಳ್ಳತನವೇ ಇರುತ್ತದೆ. ಕೆಲವೊಮ್ಮೆ ಏಡಿಯ ಬಿಲ, ಬಿರುಕು ಬಿಟ್ಟ ಕಾಂಕ್ರೀಟು, ಜೊಂಡು ಇರುತ್ತದೆ. ನಾಲೆಯ ಕೊನೆಯಂಚಿನ ರೈತನಿಗೆ ಸಂಘದಿಂದ ದೊರೆಯಬಹುದಾದ ಅತಿದೊಡ್ಡ ಲಾಭವು ಈ ಅಳತೆಯೇ. ಮೇಲ್ಭಾಗದ ಪ್ರಬಲರಿಗೆ ಅಳತೆ ಬೇಡವಾಗಿರುವುದು ಇದಕ್ಕಾಗಿಯೇ ಎಂದರೆ ತಪ್ಪಾಗಲಾರದು.

ಮಳೆಯ ಅಳತೆಯೂ ಹೀಗೆಯೇ. ಬಾಯಿ, ತಳ ಒಂದೇ ಅಗಲವಿರುವ ಯಾವ ಡಬ್ಬಿಯಾದರೂ ಮಳೆಮಾಪಕವಾಗುತ್ತದೆ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಸುಮಾರು 4,000 ಲೀಟರು. 25 ಮಿಲಿಮೀಟರಿನ ಒಂದು ಹದಮಳೆ ಎಂದರೆ ಎಕರೆಗೆ ಒಂದು ಲಕ್ಷ ಲೀಟರು. ಕೊಳವೆಬಾವಿಗೆ ಸಾಲ ಮಾಡುವ ಮುನ್ನ ತನ್ನ ಎರಡು ಎಕರೆಯ ಮೇಲೆ ವರ್ಷಕ್ಕೆ ಎಷ್ಟು ಲಕ್ಷ ಲೀಟರು ಬಿದ್ದು ಹರಿದುಹೋಗುತ್ತದೆಂದು ತಿಳಿದವನು ಬದು ಹಾಕಿಸುವ ಮಾತಿಗೆ ಕಿವಿಗೊಡುತ್ತಾನೆ.

ಕೆರೆಯ ಹೂಳಿನ ಪಾಠ ಚನ್ನರಾಯಪಟ್ಟಣಕ್ಕೆ ಹೆಚ್ಚು ಬೇಕಾದುದು. ಒಂದು ಹೆಕ್ಟೇರು ಕೆರೆಯಂಗಳದಲ್ಲಿ 10 ಸೆಂಟಿಮೀಟರು ಗೋಡು ತೆಗೆದರೆ 1,000 ಘನ ಮೀಟರು, ಅಂದರೆ 10 ಲಕ್ಷ ಲೀಟರು ನೀರಿಗೆ ಜಾಗವಾಗುತ್ತದೆ. ಆ ಗೋಡನ್ನು ಹೊಲದಲ್ಲಿ ಒಂದು ಸೆಂಟಿಮೀಟರು ದಪ್ಪ ಹರಡಿದರೆ ಎಕರೆಗೆ 40 ಘನ ಮೀಟರು ಬೇಕು. ಟ್ರ್ಯಾಕ್ಟರಿನ ಒಂದು ಟ್ರೈಲರಿಗೆ ಮೂರು ಘನ ಮೀಟರೆಂದುಕೊಂಡರೆ ಹದಿಮೂರು, ಹದಿನಾಲ್ಕು ಹೊರೆ. ಮರಳು ಮಿಶ್ರಿತ ಕೆಂಪು ಭೂಮಿಗೆ ಇದು ತೇವ ಹಿಡಿಯುವ ಶಕ್ತಿಯನ್ನು ಕೊಡುತ್ತದೆ. ಆದರೆ ಎಲ್ಲಿ ತೋಡಬಾರದೆಂಬುದನ್ನೂ ಕಲಿಸಬೇಕು. ಏರಿಯ ಬುಡದಲ್ಲಿ ತೋಡಿದರೆ ಏರಿ ಕುಸಿಯುತ್ತದೆ. ತಳದ ಜೇಡಿಯ ಪದರವನ್ನು ಕಿತ್ತರೆ ಕೆರೆಯಲ್ಲಿ ನೀರು ನಿಲ್ಲುವ ಅವಧಿಯೇ ಕುಗ್ಗಬಹುದು. ಯಂತ್ರಗಳು ರಾತ್ರಿ ಹಗಲು ಗುಂಡಿ ತೋಡಿ ಇಟ್ಟಿಗೆ ಗೂಡಿಗೆ ಮಣ್ಣು ಸಾಗಿಸಿದ್ದಕ್ಕೆ ಹೂಳೆತ್ತುವಿಕೆ ಎಂಬ ಹೆಸರು ಸಲ್ಲದು. ಈ ಭೇದವನ್ನು ಅರಿತ ಹತ್ತು ಸದಸ್ಯರು ಊರಿನಲ್ಲಿದ್ದರೆ ಕೆರೆಯ ಅರ್ಧ ರಕ್ಷಣೆಯಾದಂತೆ.

ನಾಲ್ಕು ತಾಲ್ಲೂಕುಗಳಿಗೂ ಒಂದೇ ಪಾಠಪಟ್ಟಿ ಹೊಂದುವುದಿಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಅರಕಲಗೂಡಿನವರಿಗೆ ಹೇಮಾವತಿಯಷ್ಟೇ ಕಾವೇರಿಯೂ ಇದೆ. ಕಟ್ಟೇಪುರದ ಬಳಿಯ ಕೃಷ್ಣರಾಜ ಅಣೆಕಟ್ಟೆಯ ನಾಲೆಗಳ ಗದ್ದೆಗಳೂ ಇವೆ, ರಾಮನಾಥಪುರದ ಹರಾಜು ಮಾರುಕಟ್ಟೆಗೆ ಹೋಗುವ ಹೊಗೆಸೊಪ್ಪೂ ಇದೆ. ಸೊಪ್ಪು ಹದಮಾಡುವ ಬ್ಯಾರನ್ನಿಗೆ ಸೌದೆ ಎಲ್ಲಿಂದ ಬರುತ್ತದೆ ಎಂಬುದು ಅಲ್ಲಿಯ ನೆಲದ ಮುಖ್ಯ ಪ್ರಶ್ನೆ. ಹೊಳೆನರಸೀಪುರದವರಿಗೆ ಶ್ರೀರಾಮದೇವರ ಅಣೆಕಟ್ಟೆಯ ಹಳೆಯ ನಾಲೆಗಳ ನೆನಪು, ಗೊರೂರಿನ ಹೊಸ ನಾಲೆಗಳ ವ್ಯವಹಾರ ಎರಡೂ ಇವೆ. ಎರಡರ ರೂಢಿಗಳನ್ನು ಹೋಲಿಸುವುದೇ ಒಂದು ಪಾಠವಾದೀತು. ಹಾಸನದ ಸುತ್ತಿನ ಆಲೂಗೆಡ್ಡೆ ಬೆಳೆಗಾರನಿಗೆ ಜಲಂಧರದಿಂದ ಬರುವ ಬಿತ್ತನೆ ಗೆಡ್ಡೆಯ ಗುಣ, ಮೋಡ ಕವಿದ ತೇವದ ದಿನಗಳಲ್ಲಿ ಎರಗುವ ಅಂಗಮಾರಿ ರೋಗ, ಇವು ನಾಲೆಯ ನೀರಿಗಿಂತ ಮೊದಲು ಕಾಡುವ ವಿಷಯಗಳು. ಸಂಘವು ನೀರಿನದೆಂದ ಮಾತ್ರಕ್ಕೆ ಅವನ ಬೆಳೆಯ ಚಿಂತೆಗೆ ಬಾಗಿಲು ಹಾಕಿದರೆ ಅವನು ಬರುವುದಾದರೂ ಏಕೆ?

ಕಲಿಸುವ ರೀತಿಯ ಬಗೆಗೂ ಒಂದು ಮಾತು. 1989ರಲ್ಲಿ ಇಂಡೋನೇಷಿಯಾದ ಭತ್ತದ ಗದ್ದೆಗಳಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ಕ್ಷೇತ್ರ ಪಾಠಶಾಲೆಗಳು ಆರಂಭವಾದವು. ಇಪ್ಪತ್ತೈದರಷ್ಟು ರೈತರು ವಾರಕ್ಕೊಮ್ಮೆ, ಬಿತ್ತನೆಯಿಂದ ಕೊಯ್ಲಿನವರೆಗೆ, ಒಂದೇ ಗದ್ದೆಯ ಬಳಿ ಸೇರುವುದು; ಕಂಡ ಹುಳು, ಕಂಡ ಜೇಡ, ಗಿಡದ ಎತ್ತರ, ನೀರಿನ ಮಟ್ಟ ಎಲ್ಲವನ್ನೂ ಚಿತ್ರ ಬರೆದು ಚರ್ಚಿಸುವುದು; ಸಿಂಪಡಣೆ ಬೇಕೋ ಬೇಡವೋ ಎಂದು ತಾವೇ ತೀರ್ಮಾನಿಸುವುದು. ಉಪನ್ಯಾಸಕನಿಗೆ ಅಲ್ಲಿ ಕೆಲಸ ಕಡಿಮೆ. ಕರ್ನಾಟಕದಲ್ಲಿಯೂ ಈ ಪದ್ಧತಿ ಬಂದಿತು. 2009ರಲ್ಲಿ ಆರಂಭವಾದ ಭೂಚೇತನ ಯೋಜನೆಯು ಊರಿನ ರೈತರನ್ನೇ ಅನುವುಗಾರರನ್ನಾಗಿ ಬಳಸಿಕೊಂಡು ಮಣ್ಣಿನಲ್ಲಿ ಸತು, ಬೋರಾನ್, ಗಂಧಕಗಳ ಕೊರತೆಯ ವಿಷಯವನ್ನು ಹೊಲಗಳವರೆಗೆ ಒಯ್ದಿತು. ಯೋಜನೆಗಳು ಮುಗಿದಾಗ ಪಾಠಶಾಲೆಯೂ ಮುಗಿಯಿತು, ಏಕೆಂದರೆ ಅದನ್ನು ಮುಂದುವರಿಸುವ ಸಂಘವಿರಲಿಲ್ಲ. ಇತ್ತ ಸಂಘಗಳಿದ್ದವು, ಅವುಗಳಲ್ಲಿ ಪಾಠವಿರಲಿಲ್ಲ. ಈ ಎರಡನ್ನೂ ಒಂದೇ ಜಗಲಿಯ ಮೇಲೆ ಕೂರಿಸುವುದಕ್ಕೆ ಹೊಸ ಯೋಜನೆಯೇನೂ ಬೇಕಾಗಿಲ್ಲ. ಕಂದಲಿಯ ಕೃಷಿ ವಿಜ್ಞಾನ ಕೇಂದ್ರವಾಗಲಿ ಕಾರೆಕೆರೆಯ ಕೃಷಿ ಕಾಲೇಜಾಗಲಿ ಈ ತಾಲ್ಲೂಕುಗಳಿಗೆ ದೂರವಲ್ಲ.

ಇನ್ನು ಸದಸ್ಯನೆಂದರೆ ಯಾರು ಎಂಬ ಪ್ರಶ್ನೆ. ನೀರು ಬಳಕೆದಾರರ ಸಂಘದ ಸದಸ್ಯತ್ವವು ಪಹಣಿಯನ್ನು ಅನುಸರಿಸುತ್ತದೆ. ಪಹಣಿಯಲ್ಲಿ ಹೆಸರಿರುವುದು ಸಾಮಾನ್ಯವಾಗಿ ಮನೆಯ ಹಿರಿಯ ಗಂಡಸಿನದು, ಕೆಲವೊಮ್ಮೆ ತೀರಿಹೋದವರದು. ಗದ್ದೆಗೆ ನೀರು ತಿರುಗಿಸುವವಳು, ಕಳೆ ಕೀಳುವವಳು, ನಾಟಿ ಮಾಡುವವಳು ಹೆಂಗಸು. ವಾರಕ್ಕೆ ಉಳುವವನ ಹೆಸರೂ ಪಹಣಿಯಲ್ಲಿಲ್ಲ. ಮಗ ಬೆಂಗಳೂರಿನಲ್ಲಿ, ತಂದೆಗೆ ಎಪ್ಪತ್ತು ದಾಟಿದೆ. ಸಭೆಯ ನೋಟೀಸು ಬರುವುದು ತಂದೆಯ ಹೆಸರಿಗೆ. ಹೀಗಿರುವಾಗ ಸದಸ್ಯರು ಆಸಕ್ತಿ ತೋರುತ್ತಿಲ್ಲವೆಂದರೆ, ಆಸಕ್ತಿ ಇರುವವರು ಸದಸ್ಯರಾಗಿಲ್ಲ ಎಂದೇ ಅರ್ಥ. ಮತದಾನದ ಹಕ್ಕಿಗೆ ಕಾಯಿದೆಯ ಅಡ್ಡಿಯಿದ್ದರೆ ಇರಲಿ. ಪಾಠಕ್ಕೆ ಪಹಣಿಯ ಹಂಗೇಕೆ? ಕ್ಷೇತ್ರ ಪಾಠಕ್ಕೆ ಗದ್ದೆಯಲ್ಲಿ ದುಡಿಯುವ ಯಾರು ಬೇಕಾದರೂ ಬರಬಹುದೆಂದು ಆಡಳಿತ ಮಂಡಳಿಯು ಒಂದು ನಿರ್ಣಯ ಬರೆದರೆ ಸಾಕು. ಪಾಠದ ಹೊತ್ತನ್ನು ಹಾಲು ಕರೆದು ಡೇರಿಗೆ ಹಾಕುವ ವೇಳೆಯಿಂದ ತಪ್ಪಿಸಬೇಕು ಎಂಬುದು ಸಣ್ಣ ವಿಷಯವೆನಿಸಬಹುದು. ಹೆಂಗಸರು ಬರುವುದು, ಬಾರದಿರುವುದು ನಿರ್ಧಾರವಾಗುವುದು ಅದರಿಂದಲೇ.

ವಿದ್ಯಾರ್ಥಿ ಮಿತ್ರರಿಗೆ ಹೇಳಬೇಕಾದುದೊಂದಿದೆ. ಕೃಷಿ ಪದವಿಯ ಅಂತಿಮ ವರ್ಷದಲ್ಲಿ ಗ್ರಾಮೀಣ ಕಾರ್ಯಾನುಭವಕ್ಕೆಂದು ವಿದ್ಯಾರ್ಥಿಗಳು ಹಳ್ಳಿಗಳಲ್ಲಿ ತಂಗುತ್ತಾರೆ. ದೇವಸ್ಥಾನದ ಮುಂದೆ ಬಣ್ಣದ ಪುಡಿಯಲ್ಲಿ ಊರಿನ ನಕ್ಷೆ ಬಿಡಿಸುತ್ತಾರೆ. ಕೆರೆ ನೀಲಿ, ತೋಟ ಹಸಿರು. ಊರವರು ಸುತ್ತ ನೆರೆದು ತಿದ್ದುತ್ತಾರೆ: "ಆ ಹಳ್ಳ ಅಲ್ಲಿಲ್ಲಪ್ಪ, ಈ ಕಡೆ ತಿರುಗುತ್ತೆ." ಆ ತಿದ್ದುಪಡಿಯ ಗಳಿಗೆ ಎಷ್ಟೋ ತರಬೇತಿ ಶಿಬಿರಗಳಿಗಿಂತ ಬೆಲೆಯುಳ್ಳದ್ದು. ಮರುದಿನ ಮಳೆಯೋ ಮೇಕೆಯೋ ಅದನ್ನು ಅಳಿಸುತ್ತದೆ. ಛಾಯಾಚಿತ್ರ ಕಾಲೇಜಿನ ವರದಿಗೆ ಹೋಗುತ್ತದೆ. ಆ ನಕ್ಷೆಯನ್ನು ಬಟ್ಟೆಯ ಮೇಲೆ ಬರೆದು ಸಂಘದ ಕೋಣೆಯ ಗೋಡೆಗೆ ತೂಗುಹಾಕಿ ಹೋಗಿರಿ. ಮುಂದಿನ ವರ್ಷ ಬರುವ ತಂಡ ಹೊಸ ನಕ್ಷೆ ಬರೆಯದೆ ಅದನ್ನೇ ತಿದ್ದಲಿ. ಐದು ವರ್ಷಗಳ ತಿದ್ದುಪಡಿಯನ್ನು ಹೊತ್ತ ನಕ್ಷೆಯೊಂದು ಊರಿನಲ್ಲಿದ್ದರೆ ಕೆರೆಯ ಅಂಗಳ ಎಷ್ಟು ಒತ್ತುವರಿಯಾಯಿತೆಂದು ಯಾರನ್ನೂ ಕೇಳಬೇಕಾಗುವುದಿಲ್ಲ.

ಮಲೆನಾಡಿನಿಂದ ಬಂದವರು ಇದೆಲ್ಲವೂ ಬಯಲಿನವರ ಗೊಡವೆ ಎಂದು ಭಾವಿಸಬಾರದು. 1993ರ ಸರ್ಕಾರಿ ಆದೇಶದಂತೆ ಜಂಟಿ ಅರಣ್ಯ ಯೋಜನೆ ಮತ್ತು ನಿರ್ವಹಣೆಗಾಗಿ ಹುಟ್ಟಿದ ಗ್ರಾಮ ಅರಣ್ಯ ಸಮಿತಿಗಳ ಚರಿತ್ರೆಯೂ ಹೆಚ್ಚುಕಡಿಮೆ ಇದೇ: ನೆಡುತೋಪು ನೆಡುವವರೆಗೆ ಸಭೆ, ಆಮೇಲೆ ಮೌನ. ಬೀಜ ಯಾವಾಗ ಮಾಗುತ್ತದೆ, ಯಾವ ಮರದ ಕೆಳಗೆ ಯಾವ ಸಸಿ ತಾನಾಗಿ ಏಳುತ್ತದೆ, ಬೆಂಕಿ ಬಿದ್ದ ಗುಡ್ಡದಲ್ಲಿ ಮೊದಲು ಮರಳುವ ಹುಲ್ಲು ಯಾವುದು ಎಂಬ ತಿಳಿವಳಿಕೆ ಮಲೆನಾಡಿನ ಹಳ್ಳಿಗಳಲ್ಲಿ ಹೇರಳವಾಗಿದೆ. ಸಮಿತಿಯ ಸಭೆಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ಬೆಟ್ಟಕ್ಕೂ ಬಯಲಿಗೂ ನಡುವೆ ಈಗಲೇ ಆರಂಭಿಸಬಹುದಾದ ಒಂದು ಕೆಲಸವಿದೆ. ಗ್ರಾಮ ಪಂಚಾಯಿತಿಗಳಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆಮಾಪಕಗಳಿವೆ. ಅವುಗಳ ಅಂಕಿಗಳು ಬೆಂಗಳೂರಿಗೆ ತಲುಪುತ್ತವೆ, ಪಕ್ಕದ ಊರಿಗೆ ತಲುಪುವುದಿಲ್ಲ. ಜೂನ್ ಒಂದರಿಂದ ಸಕಲೇಶಪುರದ ಕಡೆಯ ಶಾಲೆಯೊಂದರ ಮಕ್ಕಳು ಡಬ್ಬಿಯ ಮಳೆಮಾಪಕದಲ್ಲಿ ಅಳೆದ ಅಂಕಿಯನ್ನು ಪ್ರತಿದಿನ ಬೆಳಿಗ್ಗೆ ಚನ್ನರಾಯಪಟ್ಟಣದ ಸಂಘವೊಂದಕ್ಕೆ ಫೋನಿನಲ್ಲಿ ತಿಳಿಸಬಹುದು. ಆ ಸಂಘವು ಅದನ್ನು ಫಲಕದ ಮೇಲೆ, ತನ್ನ ಊರಿನ ಮಳೆಯ ಅಂಕಿಯ ಪಕ್ಕದಲ್ಲಿ, ಸೀಮೆಸುಣ್ಣದಿಂದ ಬರೆಯಬಹುದು. ನಾಲೆಗೆ ನೀರು ಬಿಡುವ ದಿನದವರೆಗೆ ಈ ಎರಡು ಅಂಕಣಗಳನ್ನು ತುಂಬುವ ಹೊಣೆಯನ್ನು ಯಾವ ಶಾಲೆ, ಯಾವ ಸಂಘ ವಹಿಸಿಕೊಳ್ಳುತ್ತದೆಂಬುದನ್ನು ಈ ಸಭೆ ಮುಗಿಯುವ ಮೊದಲು ಹೆಸರು ಬರೆದು ಗೊತ್ತುಮಾಡಿಕೊಳ್ಳಬೇಕೆಂದು ಕೋರಿಕೆ. ಡಬ್ಬಿಗಳು ಬಾಗಿಲ ಬಳಿಯ ಮೇಜಿನ ಮೇಲಿವೆ.